ಆಡು ಬಸ್ ಹತ್ತಿದ ಕತೆ

ಅತೀಕಾ ಕರ್ಪೂರ ಬೆರೆಸಿದ ನೀರನ್ನು ತೀರಿಕೊಂಡ ಅತ್ತೆಯ ಭುಜದ ಮೇಲೆ ನಿಧಾನವಾಗಿ ಸುರಿಯುತ್ತಿದ್ದಳು. ಸ್ನಾನ ಮಾಡಿಸಲು ಬಂದಿದ್ದ ಹಿರಿಯ ಹೆಂಗಸು ಹೊದಿಕೆಯಡಿ ಕೈಯಾಡಿಸುತ್ತಾ ಎಲ್ಲಿ ಸುರಿಯಬೇಕೆಂದು ಕಣ್ಣಲ್ಲೇ ತೋರಿಸುತ್ತಿದ್ದಳು. ತಲೆಯ ಕಡೆ ನಿಂತಿದ್ದ ನಾದಿನಿ ಇರಂ ತಾಯಿಯ ಕೂದಲನ್ನು ಬಿಡಿಸುತ್ತಾ ಕೇಳಿದಳು:

"ವರ್ಷದಿಂದ ತಲೇಲಿ ಗಡ್ಡೆ ಬೆಳೀತಿತ್ತು ಅಂದ್ರು ಡಾಕ್ಟರು. ದಿನಾ ಜೊತೇಲಿದ್ದವರು ನೀವು. ಏನೂ ಗೊತ್ತಾಗ್ಲಿಲ್ವಾ ಭಾಬಿ?"

ಅತೀಕಾಳ ಕೈಯ ಚೊಂಬು ಬರಿದಾಗಿತ್ತು. ಬಗ್ಗಿ ಮತ್ತೆ ತುಂಬಿಕೊಂಡಳು.

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಗಂಡಸರು ಅತ್ತೆ ಅಮೀರುನ್ನೀಸಾರನ್ನು ಹೊತ್ತು ರಾಗಿಗುಡ್ಡದ ಇಳಿಜಾರಿನಲ್ಲಿ ಇಳಿದುಹೋದರು. ಹೆಂಗಸರು ನಡುಮನೆಯಲ್ಲಿ ಉಳಿದರು. ಅವರ ನಡುವೆ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದಿದ್ದ ಜಗದಾಂಬಾ ಕೂತಿದ್ದಳು. ಇಂಗ್ಲಿಷ್ ಟೀಚರಾಗಿದ್ದ ಅಮೀರುನ್ನೀಸಾರ ಹಳೆಯ ವಿದ್ಯಾರ್ಥಿನಿ ಎಂದು ತಾನೇ ಪರಿಚಯ ಹೇಳಿಕೊಂಡಿದ್ದಳು.

ಟೀಚರು ಕಲಿಸುತ್ತಿದ್ದುದು ಫ್ಯಾಕ್ಟರಿ ಕ್ವಾರ್ಟರ್ಸಿನ ಶಾಲೆಯಲ್ಲಂತೆ. ಕ್ಲಾಸಿನಲ್ಲಿ ತಮಿಳಿನವರು, ತೆಲುಗಿನವರು, ಉರ್ದುವಿನವರು, ಕನ್ನಡದವರು. ಇಂಗ್ಲಿಷು ಒಬ್ಬರಿಗೂ ಬಾರದು. "ಯಾವ ಭಾಷೇಲಿ ಅರ್ಥ ಹೇಳ್ಬೇಕು ಹೇಳಿ? ಅದಕ್ಕೆ ಟೀಚರು ಒಂದರಲ್ಲೂ ಹೇಳ್ತಿರಲಿಲ್ಲ. ಪುಸ್ತಕ ಮುಚ್ಚಿಸಿ ಕತೆ ಹೇಳೋರು," ಎಂದಳು ಜಗದಾಂಬಾ. ಬಸ್ ಹತ್ತಿದ ಆಡಿನ ಕತೆ. ಟೀಚರೇ ಆಡಾಗುತ್ತಿದ್ದರು, ಟೀಚರೇ ಕಂಡಕ್ಟರಾಗುತ್ತಿದ್ದರು. ಪಾಠ ಮುಗಿದಿಲ್ಲವೆಂದು ಹೆಡ್‌ಮಾಸ್ಟರು ಬೈದರೆ ಕಿಟಕಿ ಮುಚ್ಚಿ, ದನಿ ತಗ್ಗಿಸಿ, ಕತೆ ಮುಂದುವರಿಸುತ್ತಿದ್ದರು.

"ಮೂರನೇ ದಿನ ಅದೇ ಕತೇನ ಬೇಕಂತ್ಲೇ ತಪ್ಪು ಹೇಳೋರು. ದ ಟಿಕೆಟ್ ಏಟ್ ದ ಗೋಟ್ ಅನ್ನೋರು. ಟಿಕೆಟ್ಟು ಆಡನ್ನ ತಿನ್ನುತ್ತಾ? ನಾವೆಲ್ಲ ಎದ್ದು ನಿಂತು ಸರಿ ಮಾಡ್ತಿದ್ವಿ. ಹಾಗೇ ಇಂಗ್ಲಿಷು ಬಾಯಿಗೆ ಬಂತು ನಮಗೆ."

ಹೆಂಗಸರು ಮೆಲ್ಲಗೆ ನಕ್ಕರು. ಅತೀಕಾ ಎದ್ದು ಒಳಗೆ ಹೋದಳು.

*

ಕುಂಸಿಯಿಂದ ಸೊಸೆಯಾಗಿ ಬಂದ ಅತೀಕಾಳ ಓದು ಹತ್ತನೇ ತರಗತಿಗೆ ನಿಂತಿತ್ತು. ಮಗಳ ಶಾಲೆಯ ಮೀಟಿಂಗಿನಲ್ಲಿ ಮಿಸ್ಸು ಇಂಗ್ಲಿಷಿನಲ್ಲಿ ಏನೇ ಅಂದರೂ ತಲೆಯಾಡಿಸಿ ಬರುತ್ತಿದ್ದಳು. ಅದು ಅತ್ತೆಯ ಕಿವಿಗೆ ಬಿದ್ದ ಮೇಲೆ ಅಡುಗೆಮನೆಯೇ ಕ್ಲಾಸಾಯಿತು. ಈರುಳ್ಳಿ ಬಿಡಿಸುತ್ತಾ ಅತ್ತೆ ಶುರು ಮಾಡುವರು: ಎ ಗೋಟ್ ಗಾಟ್ ಆನ್ ದ ಬಸ್. ಕ್ರಮೇಣ ಅವರ ಪ್ರತಿ ತಪ್ಪನ್ನೂ ಅತೀಕಾ ತಿದ್ದತೊಡಗಿದಳು. ಮೀಟಿಂಗಿನಲ್ಲಿ ಮಿಸ್ಸಿಗೆ ಎದುರು ಪ್ರಶ್ನೆಯನ್ನೂ ಕೇಳಿ ಬಂದಳು.

ಚಳಿಗಾಲದಲ್ಲಿ ಒಂದು ದಿನ ಅತ್ತೆ, "ಎ ಚೇರ್ ಗಾಟ್ ಆನ್ ದ ಬಸ್," ಎಂದರು. ಅತೀಕಾ ನಕ್ಕು, "ಚೇರ್ ಅಲ್ಲ ಅಮ್ಮಿ, ಗೋಟ್," ಎಂದಳು. ಮರುದಿನವೂ ಚೇರೇ ಬಸ್ ಹತ್ತಿತು. ಅದರ ಮರುದಿನವೂ. ಹೊಸ ಆಟವಿರಬೇಕೆಂದು ಅವಳು ದಿನವೂ ನಗುತ್ತಲೇ ತಿದ್ದಿದಳು. ಆಮೇಲೊಂದು ಬೆಳಿಗ್ಗೆ ಅತ್ತೆ ಚಹಾದ ಲೋಟ ಹಿಡಿದು, ಮನೆಮಾತಿನಲ್ಲೇ, ಕಲಕಲು ಟಿಕೆಟ್ ಕೊಡು ಎಂದರು. ಬೇಕಾಗಿದ್ದದ್ದು ಚಮಚ. ಮುಖದಲ್ಲಿ ಆಟವಿರಲಿಲ್ಲ.

ಆ ಸಂಜೆಯ ಕತೆಯಲ್ಲಿ ಚೇರ್ ಬಂದಾಗ ಅತೀಕಾ ತಿದ್ದಲಿಲ್ಲ. ಅತ್ತೆ ಅಲ್ಲಿಗೇ ನಿಲ್ಲಿಸಿ, ಎತ್ತಿದ ಕೈಯನ್ನು ಇಳಿಸದೆ ಅವಳ ಮುಖವನ್ನೇ ನೋಡುತ್ತಾ ಕೂತರು.

"ಹೇಳು," ಎಂದರು.

"ಗೋಟ್," ಎಂದಳು ಅತೀಕಾ.

ಆಗ ಕತೆ ಮುಂದೆ ಹೋಯಿತು. ಯಾರಿಗಾದರೂ ಹೇಳಬೇಕೆಂದು ಅವಳಿಗೆ ಅನಿಸಿತ್ತು. ಹೇಳಿದರೆ ನಿಜವಾಗಿಬಿಡುತ್ತದೆ ಎಂದೂ ಅನಿಸಿತ್ತು. ಅತ್ತೆ ಸ್ನಾನದ ಮನೆಯಲ್ಲಿ ಬಿದ್ದ ಮೇಲೂ ಅವಳು ಬಾಯಿ ಬಿಡಲಿಲ್ಲ.

*

ಗಂಡಸರು ಖಬರಸ್ತಾನದಿಂದ ಮರಳಿದಾಗ ಬಿಸಿಲು ಇಳಿದಿತ್ತು. ಜಗದಾಂಬಾ ಬಸ್ಸಿಗೆ ಹೋಗಿದ್ದಳು. ಅತೀಕಾಳ ಗಂಡ ಜಮ್ಶೀದ್ ಮನೆಯೊಳಗೆ ಬಾರದೆ, ಪಕ್ಕದ ಓಣಿಯ ನಲ್ಲಿಗೆ ಹೋಗಿ ಕೈಯ ಮಣ್ಣು ತೊಳೆಯಲು ಬಗ್ಗಿದ. ಅತೀಕಾ ಟವೆಲ್ಲು ಹಿಡಿದು ಹಿಂದೆ ನಿಂತಳು.

"ನನಗೆ ಗೊತ್ತಾಗಿತ್ತು," ಎಂದಳು. "ಅಮ್ಮಿ ಮಾತು ತಪ್ತಿದ್ರು. ನಾನು ನಿಮಗೆ ಹೇಳ್ಲಿಲ್ಲ."

ಜಮ್ಶೀದ್ ತಿರುಗದೆಯೇ ಹೇಳಿದ:

"ಒಂದಿನ ಅಂಗಡಿ ಮುಚ್ಚಿ ಬಂದಾಗ ಅಮ್ಮಿ, ಜಮ್ಶೀದ್ ಸ್ಕೂಲಿಂದ ಬಂದ್ನಾ ಅಂತ ನನ್ನನ್ನೇ ಕೇಳಿದ್ರು. ನಮ್ಮ ಅಬ್ಬಾ ಅಂದ್ಕೊಂಡಿದ್ರು ನನ್ನ."

"ನೀವೇನಂದ್ರಿ?"

"ಬಂದ ಅಂದೆ."

ಅವನ ಕೈಯ ಮಣ್ಣು ಆಗಲೇ ಹೋಗಿತ್ತು. ಆದರೂ ನೀರಿಗೆ ಕೈಯೊಡ್ಡಿಯೇ ನಿಂತಿದ್ದ. ಅತೀಕಾ ನಲ್ಲಿ ನಿಲ್ಲಿಸಲು ಕೈ ಚಾಚಿದವಳು, ಹಿಂದಕ್ಕೆ ತೆಗೆದುಕೊಂಡಳು.