ಒಂಬತ್ತು ಸೆಕೆಂಡಿಗೊಮ್ಮೆ ತಂಗಿ

೧

ಮಹತ್ವದ ವಿಷಯವೊಂದನ್ನು ಮೊದಲೇ ಅರುಹಬೇಕು: ರೇಡಾರ್ ಕೋಣೆಯ ಮೂರನೇ ಕುರ್ಚಿಯ ಒಂದು ಚಕ್ರ ತಿರುಗುವುದಿಲ್ಲ. (ಕಥೆಯನ್ನು ಇಲ್ಲಿಂದ ಶುರುಮಾಡಬಹುದೇ? ಎರಡು ಡ್ರಾಫ್ಟ್ ಹರಿದು ಹಾಕಿಯಾಗಿದೆ. ಒಂದರಲ್ಲಿ ಸೂರ್ಯೋದಯವಿತ್ತು. ಕ್ಷಮಿಸಿ.)

ಆ ಕುರ್ಚಿಯಲ್ಲಿ ಕೂತವಳು ಅಕ್ಕ. ಅವಳ ಕೆಲಸ ರೇಡಾರಿನ ನೋಟ ಹಂಚುವುದು. ಈ ರೇಡಾರ್ ಗಿರಗಿರ ತಿರುಗುವಂಥದ್ದಲ್ಲ; ಗೋಡೆಯಂತೆ ನಿಂತಲ್ಲೇ ನಿಂತು, ರೆಪ್ಪೆ ಮಿಟುಕಿಸುವಷ್ಟರಲ್ಲಿ ಯಾವ ದಿಕ್ಕಿಗೆ ಬೇಕಾದರೂ ನೋಟ ಎಸೆಯಬಲ್ಲದು. ಆದರೆ ಒಂದು ಸಲಕ್ಕೆ ಒಂದೇ ಕಡೆ. ಸೆಕೆಂಡು ಹಿಗ್ಗುವುದಿಲ್ಲವಲ್ಲ! ಆದ್ದರಿಂದ ಅಡ್ಡಾದಿಡ್ಡಿ ಹಾರುವವರಿಗೆ ಹೆಚ್ಚು ನೋಟ, ನೆಟ್ಟಗೆ ಹಾರುವವರಿಗೆ ಕಡಿಮೆ. ಎರಡು ನೋಟಗಳ ನಡುವೆ ಪರದೆಯ ಮೇಲೆ ಸಾಗುವ ಚುಕ್ಕೆ ಬರೀ ಊಹೆ.

೨

ಇವತ್ತಿನ ಪರೀಕ್ಷೆಯಲ್ಲಿ ಹನ್ನೆರಡು ಡ್ರೋನ್‌ಗಳು ಹುಚ್ಚೆದ್ದು ಸುತ್ತುತ್ತಿವೆ. ನೆಟ್ಟಗೆ ಹಾರಬೇಕಾದ ಪುಟ್ಟ ವಿಮಾನ ಒಂದೇ. ಅದರ ಪೈಲಟ್ ತಂಗಿ.

"ಏನಮ್ಮಾ, ತಂಗಿ ಅಂತ ಮೂರು ಸೆಕೆಂಡಿಗೊಮ್ಮೆ ನೋಡ್ತಿದ್ದೀಯಾ?" ಮುಖ್ಯಸ್ಥರು ನಕ್ಕರು. "ನಮ್ಮ ಡ್ರೋನ್‌ಗಳೇನು ಮಲತಾಯಿ ಮಕ್ಕಳಾ?"

ಅಕ್ಕನ ಕಿವಿ ಕೆಂಪಾಯಿತು. ಮೂರನ್ನು ಅಳಿಸಿ ಒಂಬತ್ತು ಮಾಡಿದಳು. "ಅವಳು ಗೆರೆ ಎಳೆದ ಹಾಗೆ ಹಾರ್ತಾಳೆ ಸಾರ್. ಇಷ್ಟು ಸಾಕು."

೩

(ಇಲ್ಲಿ ನಾನು 'ಸಾಫ್ಟ್‌ವೇರ್ ಕೈಕೊಟ್ಟಿತು' ಎಂದು ಬರೆದಿದ್ದೆ. ಅಕ್ಕ ಬಿಡಲಿಲ್ಲ.

"ಅದನ್ನ ಹೊಡೆದುಹಾಕಿ. ಪಾಪ, ಅದು ನಾನು ಹೇಳಿದ್ದನ್ನೇ ಮಾಡ್ತು."

"ನಿನ್ನನ್ನ ಉಳಿಸೋಣ ಅಂತ..."

"ಉಳಿಸೋಕೆ ನೀವ್ಯಾರು? ಬರೀರಿ ಸುಮ್ನೆ.")

ಬರೆದೆ. ಹದ್ದೊಂದು ಎದುರಾಯಿತು, ತಂಗಿ ಗಕ್ಕನೆ ಎಡಕ್ಕೆ ಹೊರಳಿದಳು, ಡ್ರೋನ್‌ಗಳ ಕಡೆಗೆ. ಪರದೆಯ ಮೇಲೆ ಅವಳ ಚುಕ್ಕೆ ಮಾತ್ರ ಬಹಳ ಸಭ್ಯವಾಗಿ ನೆಟ್ಟಗೆ ಹೋಗುತ್ತಲೇ ಇತ್ತು. ಆರು. ಏಳು. ಎಂಟು. ಒಂಬತ್ತನೇ ಸೆಕೆಂಡಿಗೆ ರೇಡಾರ್ ಆ ಚುಕ್ಕೆಯಿದ್ದ ಕಡೆ ನೋಡಿತು. ಅಲ್ಲಿ ಯಾರೂ ಇರಲಿಲ್ಲ.

ಇಷ್ಟು ಹೊತ್ತು ಅಕ್ಕ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು ತನ್ನದೇ ಊಹೆಯನ್ನು.

ಮುಖ್ಯಸ್ಥರು ಡ್ರೋನ್‌ಗಳನ್ನು ಎಣಿಸಿದರು. ಹನ್ನೊಂದು. ಇನ್ನೊಮ್ಮೆ ಎಣಿಸಿದರು.

೪

ಮುಕ್ತಾಯ ಒಂದು: ತಂಗಿ ಬದುಕಿ ಬಂದು ಅಕ್ಕನ ಕೆನ್ನೆಗೆ ಬಾರಿಸುತ್ತಾಳೆ. (ನಾಟಕ ಜಾಸ್ತಿಯಾಯಿತು.)

ಮುಕ್ತಾಯ ಎರಡು: ಇದನ್ನು ಬರೆಯಲು ನನ್ನ ಕೈ ಏಳುತ್ತಿಲ್ಲ.

ಅಷ್ಟರಲ್ಲಿ, ನನ್ನನ್ನು ಒಂದು ಮಾತೂ ಕೇಳದೆ, ಅಕ್ಕನ ಫೋನ್ ಹೊಡೆದುಕೊಂಡಿತು.

"ಅಕ್ಕಾ... ಇಳಿದೆ ಕಣೇ. ಏನೋ ಬಡೀತು. ನಾನು ನಿಂಗೆ ಕಾಣಿಸ್ತಾ ಇದ್ದೆ ಅಲ್ವಾ? ಮತ್ತೆ ಯಾಕೆ ಹೇಳ್ಲಿಲ್ಲ?"

ಅಕ್ಕ ಫೋನಿಗೆ ಅಂಗೈ ಮುಚ್ಚಿ ನನ್ನ ಮುಖ ನೋಡಿದಳು. "ಏನನ್ಲಿ?"

ಉತ್ತರ ಒದಗಿಸಿಬಿಟ್ಟರೆ ಕಥೆ ಮುಗಿಯುತ್ತದೆ. ನಾನು ಒದಗಿಸಲಿಲ್ಲ.

ವಿಮಾನ ಇಳಿದಿದೆ. ಎಡರೆಕ್ಕೆಯ ತುದಿ ಇಲ್ಲ. ಫೋನ್ ಇನ್ನೂ ಕಟ್ಟಾಗಿಲ್ಲ.