ಅಡ್ಡಕಂಬಿ

ಮೂರನೇ ಹೆಜ್ಜೆಗೆ ಹಿಂದಿನ ಎಡಗಾಲು ನಡುಗಿತು. ನಾಲ್ಕನೆಯದಕ್ಕೆ ಇಡೀ ಯಂತ್ರ ಆ ಮೂಲೆಗೆ ವಾಲಿ, ದಣಿದ ಎತ್ತು ಮಂಡಿಯೂರುವಂತೆ ನೆಲಕ್ಕೆ ಕೂತುಬಿಟ್ಟಿತು. ಕಾಲಿನ ಮೋಟಾರು ಮಾತ್ರ ಗುಂಯ್‌ಗುಡುತ್ತಲೇ ಇತ್ತು. ಸುನಿಲ್‌ಕುಮಾರ್ ಓಡಿಬಂದು ಬ್ಯಾಟರಿಯ ವೈರು ಕಿತ್ತ.

“ಮುಟ್ಟಿ ನೋಡಣ್ಣ, ಎಂಗೆ ಕಾದೈತೆ.”

ಚೌಡೇಶ ಮುಟ್ಟಿದ. ಬೆರಳು ಚುರ್ ಎಂದಿತು. ಹೀಗಾಗುತ್ತಿರುವುದು ಇದು ಐದನೇ ಭಾನುವಾರ. ಕಾಲುಗಳ ಲೆಕ್ಕಾಚಾರವನ್ನೆಲ್ಲ ಸುನಿಲ್ ತನ್ನ ಲ್ಯಾಪ್‌ಟಾಪಿನಲ್ಲಿ ಮೂರು ಸಲ ತಿದ್ದಿದ್ದ. ಅದರಲ್ಲಿ ತಪ್ಪಿರಲಿಲ್ಲ. ಇಬ್ಬರೂ ಸೇರಿ ಯಂತ್ರವನ್ನು ಎತ್ತಿ, ಮೂಲೆಯಲ್ಲಿದ್ದ ಹಳೆಯ ನೂಲಿನ ತಕ್ಕಡಿಯಲ್ಲಿಟ್ಟರು. ಮೂರು ಕೆಜಿ ಎಂಟುನೂರು ಗ್ರಾಂ.

“ನಾವು ಅಂದ್ಕೊಂಡಿದ್ದು ಎರಡೂಕಾಲು ಕೆಜಿ,” ಎಂದ ಸುನಿಲ್. “ಇದು ನಡೆಯೋ ಮಿಷನ್ನಣ್ಣ. ನೀನು ನೆಲಕ್ಕೆ ನೆಟ್ಟುಬಿಡೋ ಮಿಷನ್ ತರ ಕಟ್ಟಿದೀಯ.”

ಇಬ್ಬರೂ ಬಾಶೆಟ್ಟಿಹಳ್ಳಿಯ ಒಂದೇ ಕಾರ್ಖಾನೆಯವರು. ಚೌಡೇಶ ಟೂಲ್‌ರೂಮಿನಲ್ಲಿ ಫಿಟ್ಟರ್, ಸುನಿಲ್ ಯಂತ್ರಗಳ ಪ್ರೋಗ್ರಾಮ್ ನೋಡಿಕೊಳ್ಳುವವನು, ಅವನಿಗಿಂತ ಹದಿನೈದು ವರ್ಷ ಚಿಕ್ಕವನು. ಒಂದು ದಿನ ಊಟದ ಹೊತ್ತಿನಲ್ಲಿ ಸುನಿಲ್ ತನ್ನ ಫೋನಿನಲ್ಲಿ ನಾಲ್ಕು ಕಾಲಿನ ಪುಟ್ಟ ರೋಬೋಟ್ ನಡೆಯುವುದನ್ನು ತೋರಿಸಿದ್ದ. ಚೌಡೇಶನಿಗೆ ಆ ರಾತ್ರಿಯಿಡೀ ಅದೇ ಗುಂಗು. ಮಾರನೆಯ ದಿನ ತಾನೇ ಹೋಗಿ, “ನೀನು ಅದರ ತಲೆ ನೋಡ್ಕೋ, ಮೈ ನಾನು ಮಾಡ್ತೀನಿ” ಎಂದಿದ್ದ. ದೊಡ್ಡಬಳ್ಳಾಪುರದ ಮನೆಯ ಹಿಂದೆ ಅವನ ಅಪ್ಪ ವೆಂಕಟರಮಣಪ್ಪನವರ ಮಗ್ಗದ ಶೆಡ್ಡು ಖಾಲಿ ಬಿದ್ದಿತ್ತು. ಅಪ್ಪ ತೀರಿಕೊಂಡ ಮೇಲೆ ನಾಲ್ಕು ಮಗ್ಗಗಳೂ ಗುಜರಿಗೆ ಹೋಗಿದ್ದವು. ನೆಲದಲ್ಲಿ ಅವುಗಳ ಬೋಲ್ಟು ಕೂತಿದ್ದ ತೂತುಗಳು, ಎಷ್ಟು ಉಜ್ಜಿದರೂ ಹೋಗದ ಎಣ್ಣೆಯ ಕಪ್ಪು, ಮೂಲೆಯ ತಕ್ಕಡಿ, ಇಷ್ಟೇ ಉಳಿದಿತ್ತು.

ಮೊದಲ ಚಾಸಿ, ಅಂದರೆ ಯಂತ್ರದ ಮೈಚೌಕಟ್ಟು, ಪ್ಲೈವುಡ್ಡಿನದು. ಒಂದು ಕಾಲೆತ್ತಿದರೆ ಸಾಕು, ಎದುರು ಮೂಲೆ ತಿರುಚಿಕೊಳ್ಳುತ್ತಿತ್ತು. ಎರಡನೆಯದಕ್ಕೆ ಎರಡು ಅಲ್ಯೂಮಿನಿಯಂ ತಗಡು ಕತ್ತರಿಸಿ, ನಡುವೆ ಮೋಟಾರುಗಳನ್ನು ಕೂರಿಸಿ, ಮೂಲೆಗೊಂದು ಗೂಟ ಕೊಟ್ಟ. ಅದು ಸಾಕಾಗಿತ್ತು. ಆದರೆ ಪ್ರತಿ ಭಾನುವಾರ ಸುನಿಲ್ ಬರುವಷ್ಟರಲ್ಲಿ ಚಾಸಿಗೆ ಇನ್ನೊಂದು ಪಟ್ಟಿ ಬಂದಿರುತ್ತಿತ್ತು, ಇನ್ನೆರಡು ಬೋಲ್ಟು ಕೂತಿರುತ್ತಿದ್ದವು. ಪ್ರತಿ ನಟ್ಟಿನ ಹಿಂದೆ ಇನ್ನೊಂದು ನಟ್ಟು.

ಸುನಿಲ್ ನೆಲದ ಮೇಲೆ ಪೇಪರು ಹಾಸಿ ಎಲ್ಲವನ್ನೂ ಬಿಚ್ಚಿಟ್ಟ. ಒಂದೊಂದನ್ನೇ ಎತ್ತಿ ಹಿಡಿದು, “ಇದೇನ್ ಕೆಲ್ಸ ಮಾಡ್ತದಣ್ಣ?” ಎಂದು ಕೇಳತೊಡಗಿದ. ಇದು ಬ್ಯಾಟರಿ ಹಿಡಿಯೋದು. ಇದು ತಗಡು ಬಾಗದೆ ಇರೋಕೆ. ಇದು ವೈರು ಕಾಲಿಗೆ ಸಿಕ್ಕದೆ ಇರೋಕೆ. ಚೌಡೇಶ ಹೇಳುತ್ತಾ ಹೋದ. ಕೊನೆಗೆ ಸುನಿಲ್ ಒಂದು ಕಬ್ಬಿಣದ ಕಂಬಿ ಎತ್ತಿದ. ಗೇಣುದ್ದ, ಪೆನ್ಸಿಲ್ಲಿನ ದಪ್ಪ, ಎರಡೂ ತುದಿಗೆ ನಟ್ಟು ಕೂರುವಂತೆ ಮರೆ ಕೊರೆದಿತ್ತು. ಯಂತ್ರದ ಮುಂದೆ, ತಗಡಿಗಿಂತ ಒಂದು ಬೆರಳು ಈಚೆಗೆ, ಅಡ್ಡಲಾಗಿ ಕೂತಿತ್ತು.

“ಇದು?”

ಚೌಡೇಶ ಹತ್ತಿರ ಸರಿದು ಕಂಬಿಯನ್ನು ನೋಡಿದ.

“ನಾನ್ ಕೊಟ್ಟ ಡ್ರಾಯಿಂಗಲ್ಲಿ ಇದು ಇರ್ಲೇ ಇಲ್ವಲ್ಲಣ್ಣ.”

ಕಂಬಿಯನ್ನು ಕತ್ತರಿಸಿದ್ದು ನೆನಪಿತ್ತು. ಮರೆ ಕೊರೆದದ್ದು, ಅಂಚು ಅರದಿಂದ ಉಜ್ಜಿದ್ದು ನೆನಪಿತ್ತು. ಯಾಕೆ ಎಂದು ಯೋಚಿಸಿದ್ದು ಮಾತ್ರ ಎಲ್ಲೂ ಸಿಗಲಿಲ್ಲ. ಕೈ ತಾನಾಗಿಯೇ ಮಾಡಿತ್ತು. ಈಗ ಸುನಿಲನ ಬೆರಳುಗಳ ನಡುವೆ ಅದನ್ನು ನೋಡಿದಾಗ ಗುರುತು ಸಿಕ್ಕಿತು.

“ಸುಮ್ನೆ ಹಾಕಿದ್ದೆ,” ಎಂದ.

ಇಪ್ಪತ್ತೊಂದು ವರ್ಷದ ಹಿಂದೆ ಕಿಟಕಿ ಪಕ್ಕದ ಮಗ್ಗ ಅವನ ತಂಗಿ ವಾಣಿಶ್ರೀಯದು. ಆಗ ಅವಳಿಗೆ ಹತ್ತೊಂಬತ್ತು. ಮಗ್ಗ ಓಡುವಾಗ ನೂಲು ಹೊತ್ತ ಲಾಳಿ ಆ ಕಡೆಯಿಂದ ಈ ಕಡೆಗೆ ಗುಂಡಿನಂತೆ ಹಾರುತ್ತದೆ. ಅದು ದಾರಿ ತಪ್ಪಿ ನೇಯುವವರ ಮುಖಕ್ಕೆ ಬರಬಾರದೆಂದು ಮುಂದೆ ಒಂದು ಅಡ್ಡಕಂಬಿ ಇರುತ್ತದೆ. ಆ ದಿನ ಬೆಳಿಗ್ಗೆ ಕಂಬಿಯ ಎಡಗಡೆಯ ಬೋಲ್ಟು ಸವೆದು ಕಂಬಿ ಗಡಗಡ ಅನ್ನುತ್ತಿತ್ತು. ಮಗ್ಗ ರಿಪೇರಿಯೆಲ್ಲ ಚೌಡೇಶನ ಕೆಲಸ. ಹೊಸ ಬೋಲ್ಟು ಹುಡುಕಲು ಬೇಸರವಾಗಿ, ಸಂಜೆ ಹಾಕಿದರಾಯಿತೆಂದು ತಂತಿ ಸುತ್ತಿ ಬಿಟ್ಟ. ಹನ್ನೊಂದು ಗಂಟೆಗೆ ಲಾಳಿ ಹಾರಿತು. ತಂತಿ ಬಿಚ್ಚಿಕೊಂಡು ಕಂಬಿ ಬಾಗಿಲಿನಂತೆ ತೆರೆದುಕೊಂಡಿತು. ಲಾಳಿಯ ಕಬ್ಬಿಣದ ಮೂತಿ ವಾಣಿಶ್ರೀಯ ಎಡಗಣ್ಣಿಗೆ ಬಡಿಯಿತು.

ಅಪ್ಪ ಅಮ್ಮ ಅವಳನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಶೆಡ್ಡಿಗೆ ಬೀಗ ಹಾಕಿ ಬರುತ್ತೇನೆಂದು ಚೌಡೇಶ ಹಿಂದೆ ಉಳಿದ. ಬೀಗ ಹಾಕುವ ಮೊದಲು ತಂತಿಯನ್ನು ಬಿಚ್ಚಿ ಒಲೆಯ ಬೂದಿಯಲ್ಲಿ ಹುಗಿದ. ಇನ್ನೊಂದು ಮಗ್ಗದಿಂದ ಒಳ್ಳೆಯ ಬೋಲ್ಟು ಕಿತ್ತು ಇದಕ್ಕೆ ಬಿಗಿದ. ಎರಡು ದಿನದ ಮೇಲೆ ಅಪ್ಪ ಬಂದು ಕಂಬಿ ಹಿಡಿದು ಅಲ್ಲಾಡಿಸಿ ನೋಡಿ, “ಕಂಬಿ ಗಟ್ಟಿಯಾಗೈತಲ್ಲ. ಇವಳೇ ಮಗ್ಗ ಓಡೋವಾಗ ಕಂಬಿ ದಾಟಿ ಬಗ್ಗವಳೆ” ಎಂದರು. ಮನೆಯಲ್ಲಿ ಅದೇ ಮಾತು ನಿಂತುಹೋಯಿತು. ಚೌಡೇಶ ಅದನ್ನು ಇಲ್ಲವೆನ್ನಲಿಲ್ಲ.

ಸುನಿಲ್ ಕಂಬಿ ತೋರಿಸಿ ಕೇಳಿದ ಆ ಭಾನುವಾರದ ನಂತರ ಚೌಡೇಶ ಅದನ್ನು ತೆಗೆದಿಟ್ಟ. ಬುಧವಾರ ಕೆಲಸದಿಂದ ಬಂದು ನೋಡಿದರೆ ಅದು ಮತ್ತೆ ಯಂತ್ರದ ಮುಂದೆ ಇತ್ತು. ಬೇರೆ ಯಾರೂ ಶೆಡ್ಡಿಗೆ ಬರುವವರಿಲ್ಲ. ಸ್ಪ್ಯಾನರ್ ತನ್ನ ಅಂಗಿಯ ಜೇಬಿನಲ್ಲೇ ಇತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಶೆಡ್ಡಿಗೆ ಬಂದಿದ್ದು ಮಸುಕಾಗಿ ನೆನಪಾಯಿತು, ಅಷ್ಟೇ. ಅರ ಹಾಕುತ್ತಿದ್ದರೆ ಬೆನ್ನ ಹಿಂದೆ ಮಗ್ಗ ಓಡುತ್ತಿದೆ ಅನಿಸುತ್ತಿತ್ತು. ಅರ ನಿಲ್ಲಿಸಿದರೆ ಸದ್ದೂ ನಿಲ್ಲುತ್ತಿತ್ತು, ಆದರೆ ಒಂದು ಕ್ಷಣ ತಡವಾಗಿ. ತಿರುಗಿದರೆ ಕಿಟಕಿಯ ಬಿಸಿಲು ಖಾಲಿ ನೆಲದ ಮೇಲೆ ಬಿದ್ದಿರುತ್ತಿತ್ತು.

ಗೌರಿ ಹಬ್ಬಕ್ಕೆ ವಾಣಿಶ್ರೀ ಬಂದಳು. ಪಕ್ಕದ ಮಧುರೆಯಲ್ಲಿ ಅವಳ ಗಂಡ ಬಟ್ಟೆಯಂಗಡಿ ಇಟ್ಟಿದ್ದ. ಅವನಿಗೆ ಅದು ಎರಡನೇ ಮದುವೆ. ಒಂದು ಕಣ್ಣಿನ ಹುಡುಗಿಗೆ ಬೇರೆ ಸಂಬಂಧ ಕೂಡಿಬಂದಿರಲಿಲ್ಲ. ಒಳಗೆ ಅಮ್ಮ ನಾಗಲಕ್ಷ್ಮಮ್ಮ ಬಾಗಿನದ ಮೊರ ಜೋಡಿಸುತ್ತಿದ್ದರು, ಚೌಡೇಶನ ಹೆಂಡತಿ ಹೋಳಿಗೆ ತಟ್ಟುತ್ತಿದ್ದಳು. ವಾಣಿಶ್ರೀ ಶೆಡ್ಡಿಗೆ ಬಂದಳು. ಬಾಗಿಲಲ್ಲಿ ನಿಂತು, ಎಂದಿನಂತೆ ಕತ್ತನ್ನು ಸ್ವಲ್ಪ ಎಡಕ್ಕೆ ಹೊರಳಿಸಿ, ಬಲಗಣ್ಣಿನಿಂದ ಒಳಗನ್ನೆಲ್ಲ ನೋಡಿದಳು.

“ಇದಾ ಅಣ್ಣ ನಿನ್ನ ರೋಬೋಟು? ಅತ್ತಿಗೆ ಹೇಳ್ತಿದ್ರು, ಹಗಲೂ ರಾತ್ರಿ ಇದರ ಮುಂದೇನೇ ಕೂತಿರ್ತಾರೆ ಅಂತ.” ಬಗ್ಗಿ ಎತ್ತಿದಳು. “ಅಯ್ಯಪ್ಪ, ಎಷ್ಟು ಭಾರ!” ಅದನ್ನು ಮೇಜಿನ ಮೇಲಿಟ್ಟು ಸುತ್ತಲೂ ನೋಡಿದಳು. ನಕ್ಕಳು. “ಲಾಳಿನೇ ಇಲ್ದಿರೋ ಮಿಷನ್‌ಗೆ ಅಡ್ಡಕಂಬಿ ಯಾಕಣ್ಣ?”

ಹದಿಮೂರನೇ ವಯಸ್ಸಿಗೇ ಮಗ್ಗಕ್ಕೆ ನಿಂತವಳು. ಒಂದೇ ನೋಟಕ್ಕೆ ಗೊತ್ತಾಗಿತ್ತು.

ಚೌಡೇಶ ಕೈಯಲ್ಲಿದ್ದ ಅರವನ್ನು ಕೆಳಗಿಟ್ಟ. “ವಾಣಿ, ಆವತ್ತು ಕಂಬಿ ಗಟ್ಟಿಯಾಗಿರ್ಲಿಲ್ಲ.”

“ಯಾವತ್ತು?”

“ಆವತ್ತು. ಬೋಲ್ಟು ಸವೆದಿತ್ತು. ನಾನು ತಂತಿ ಕಟ್ಟಿ ಬಿಟ್ಟಿದ್ದೆ. ನೀವೆಲ್ಲ ಆಸ್ಪತ್ರೆಗೆ ಹೋದ್ಮೇಲೆ ಬೇರೆ ಬೋಲ್ಟು ಹಾಕ್ದೆ.”

ಅವಳ ಮುಖದ ನಗು ತಕ್ಷಣ ಹೋಗಲಿಲ್ಲ. ಮೆಲ್ಲಗೆ ಬಿಟ್ಟುಹೋಯಿತು. ಗಾಜಿನ ಕಣ್ಣು ಇದ್ದ ಹಾಗೇ ಇತ್ತು. ಇನ್ನೊಂದು ಅವನ ಮುಖದ ಮೇಲೆ ನಿಂತಿತು.

“ಯಾವ ಕಡೆ ಬೋಲ್ಟು?”

“ಎಡಗಡೇದು.”

ಅವಳು ಯಂತ್ರದ ಕಂಬಿಯ ಎಡತುದಿಗೆ ಬೆರಳಿಟ್ಟಳು. “ಇಲ್ಲಿ?”

“ಹೂಂ.”

ಹೊರಗೆ ಯಾರೋ ಬೈಕು ಚಾಲು ಮಾಡಿಕೊಂಡು ಹೋದರು. ವಾಣಿಶ್ರೀ ಬೆರಳು ತೆಗೆಯಲಿಲ್ಲ.

“ನಾನು ಬಗ್ಗಿದ್ದು ನೆನಪು ಮಾಡ್ಕೊಳಕ್ಕೆ ನೋಡ್ತಾನೇ ಇದೀನಿ ಕಣಣ್ಣ, ಇಷ್ಟು ವರ್ಷ. ನೆಟ್ಟಗೆ ನಿಂತಿದ್ದೇ ನೆನಪಾಗೋದು. ಎಲ್ರೂ ಬಗ್ಗಿದ್ದೆ ಅಂತಾರೆ, ನನಗೊಬ್ಬಳಿಗೇ ನೆನಪಿಲ್ಲ. ಪೆಟ್ಟು ಬಿದ್ದು ತಲೆ ಕೆಟ್ಟೈತೆ ಅಂದ್ಕೊಂಡಿದ್ದೆ. ನನ್ನ ತಲೆ ಮೇಲೇ ನನಗೆ ನಂಬಿಕೆ ಹೋಗಿತ್ತು.”

“ವಾಣಿ...”

“ಅಪ್ಪ ಸಾಯೋ ಮುಂಚೆ ನನ್ನ ಕೈ ಹಿಡ್ಕೊಂಡು ‘ನೀನು ಬಗ್ಗಬಾರ್ದಿತ್ತಮ್ಮ’ ಅಂದ್ರು. ನೀನು ಅಲ್ಲೇ ಅವರ ಕಾಲು ಒತ್ತುತಾ ಕೂತಿದ್ದೆ.”

ಅವನು ತಲೆ ಎತ್ತಲಿಲ್ಲ. ತಪ್ಪಾಯಿತು ಎನ್ನುವ ಮಾತು ನಾಲಿಗೆಯ ಮೇಲಿತ್ತು. ಹೇಳಲು ಅದು ತೀರಾ ಚಿಕ್ಕದಾಗಿ ಕಂಡಿತು.

“ಅಮ್ಮಂಗೆ ಹೇಳು,” ಎಂದಳು.

“ಅಮ್ಮಂಗೆ ವಯಸ್ಸಾಯ್ತು, ವಾಣಿ. ಈಗ ಹೇಳಿ...”

“ನನಗೂ ವಯಸ್ಸಾಯ್ತು. ಹೇಳು. ಹೇಳೋವರ್ಗೂ ನನ್ನ ತವರಿಗೆ ಕರೀಬೇಡ.”

ಒಳಗೆ ಹೋಗಿ ಎಲ್ಲರ ಜೊತೆ ಕೂತು ಉಂಡಳು. ಬಾಗಿನ ತೆಗೆದುಕೊಂಡು ಅಮ್ಮನ ಕಾಲಿಗೆ ಬಿದ್ದಳು. “ಹುಷಾರಾಗಿ ಹೋಗಮ್ಮ, ರೋಡು ದಾಟೋವಾಗ ಆ ಕಡೆ ಈ ಕಡೆ ನೋಡು, ನಿನಗೆ ಮೊದಲಿಂದ ಅವಸರ ಜಾಸ್ತಿ” ಎಂದರು ಅಮ್ಮ. ವಾಣಿಶ್ರೀ ಚೌಡೇಶನ ಕಡೆಗೆ ಒಮ್ಮೆ ನೋಡಿ ಬಸ್‌ಸ್ಟ್ಯಾಂಡಿನತ್ತ ನಡೆದಳು.

ಚೌಡೇಶ ಹೇಳಲಿಲ್ಲ. ನಾಳೆ, ಹಬ್ಬ ಕಳೆಯಲಿ, ಅಮ್ಮನ ಕಾಲುನೋವು ಕಡಿಮೆಯಾಗಲಿ, ಎಂದು ಒಂದೂವರೆ ತಿಂಗಳು ದೂಡಿದ. ಆ ದಿನಗಳಲ್ಲಿ ಚಾಸಿಯನ್ನು ಮಾತ್ರ ಬಿಡದೆ ಮಾಡಿದ. ತೆಳ್ಳಗಿನ ತಗಡು ತಂದ. ದಪ್ಪ ಕಡಿಮೆಯಾದದ್ದಕ್ಕೆ ಅಂಚನ್ನು ಒಂದು ಬೆರಳಗಲ ಮಡಿಸಿದ; ಮಡಿಸಿದ ತಗಡು ಇನ್ನೆರಡು ಪಟ್ಟಿಗಳ ಕೆಲಸವನ್ನು ತಾನೇ ಮಾಡಿತು. ಭಾರ ಹೊರದ ಕಡೆಯೆಲ್ಲ ದುಂಡಗೆ ತೂತು ಕೊರೆದ. ಒಂದು ಮೂಲೆಯಲ್ಲಿದ್ದ ಬ್ಯಾಟರಿಯನ್ನು ಹೊಟ್ಟೆಯ ಕೆಳಗೆ ನಡುಮಧ್ಯಕ್ಕೆ ತೂಗುಹಾಕಿದ. ಅಡ್ಡಕಂಬಿಯನ್ನು ಗುಜರಿಯವನಿಗೆ ಕೊಟ್ಟುಬಿಟ್ಟ. ಆಮೇಲೂ ಎರಡು ಮೂರು ಸಲ ಅವನ ಕೈ ಮೇಜಿನ ಮೇಲೆ ಅದನ್ನೇ ತಡಕಾಡಿತು. ವಾಣಿಶ್ರೀಗೆ ಫೋನು ಮಾಡಿದರೆ ಅವಳ ಗಂಡ ಎತ್ತಿ, “ಅವಳು ಸ್ನಾನಕ್ಕೆ ಹೋಗವಳೆ ಭಾವ” ಎನ್ನುತ್ತಿದ್ದ. ಬೆಳಿಗ್ಗೆ ಮಾಡಿದರೂ ಅದೇ, ಸಂಜೆ ಮಾಡಿದರೂ ಅದೇ.

ದೀಪಾವಳಿಗೆ ಮುಂಚಿನ ಭಾನುವಾರ ತಕ್ಕಡಿ ಎರಡು ಕೆಜಿ ನೂರು ತೋರಿಸಿತು. ಸುನಿಲ್ ಬ್ಯಾಟರಿ ಜೋಡಿಸಿ, ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದ. ಯಂತ್ರ ಎದ್ದು ನಿಂತಿತು. ಮೈಯನ್ನು ಬಲಕ್ಕೆ ವಾಲಿಸಿ ಎಡಗಾಲು ಎತ್ತಿತು. ಇಟ್ಟಿತು. ಇನ್ನೊಂದು. ಐದು, ಹತ್ತು, ಇಪ್ಪತ್ತು ಹೆಜ್ಜೆ. ಮಗ್ಗದ ಬೋಲ್ಟುಗಳ ತೂತುಗಳನ್ನು ದಾಟಿಕೊಂಡು ಆ ಗೋಡೆಯವರೆಗೆ ಹೋಯಿತು.

“ಗುರೂ, ನಡೀತಲ್ಲಾ!” ಸುನಿಲ್ ಕುಣಿದುಬಿಟ್ಟ. ವಿಡಿಯೋ ಮಾಡಿಕೊಂಡ. ತಿರುಗಿಸಿ ಬಿಟ್ಟು ಮತ್ತೊಂದು ವಿಡಿಯೋ ಮಾಡಿಕೊಂಡ. “ಇರಣ್ಣ, ಸ್ವೀಟ್ ತತ್ತೀನಿ,” ಎಂದು ಬೈಕು ಹತ್ತಿ ಹೊರಟ.

ಚೌಡೇಶ ಯಂತ್ರದ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಸರಿಯುತ್ತಾ, ಮುಖವನ್ನು ತಗಡಿನ ಹತ್ತಿರಕ್ಕೆ ತಂದು, ಯಾವ ಮೂಲೆ ತಿರುಚುತ್ತದೆ ಎಂದು ನೋಡುತ್ತಿದ್ದ. ಎಲ್ಲೂ ತಿರುಚುತ್ತಿರಲಿಲ್ಲ. ಬಾಗಿಲಲ್ಲಿ ನೆರಳು ಬಿತ್ತು. ಅಮ್ಮ ಕಾಫಿ ಲೋಟ ಹಿಡಿದು ನಿಂತಿದ್ದರು.

“ಓಡೋ ಮಿಷನ್ ಹತ್ರ ಅಷ್ಟು ಬಗ್ಗಬೇಡ ಕಣೋ. ನಿನ್ನ ತಂಗಿ ಹಿಂಗೇ ಬಗ್ಗಿ ಕಣ್ಣು ಕಳ್ಕೊಂಡ್ಲು.”

ಅವನು ಕೂತಲ್ಲೇ ತಿರುಗಿದ. “ಅವಳು ಬಗ್ಗಿರ್ಲಿಲ್ಲಮ್ಮ.”

“ಏನು?”

ಹೇಳಿದ. ಬೋಲ್ಟು, ತಂತಿ, ಬೂದಿ, ಬೇರೆ ಮಗ್ಗದಿಂದ ಕಿತ್ತ ಬೋಲ್ಟು, ಎಲ್ಲವನ್ನೂ ಆದ ಕ್ರಮದಲ್ಲೇ ಹೇಳಿದ. ಹೇಳುತ್ತಾ ತನ್ನ ದನಿ ಇಷ್ಟು ಸಲೀಸಾಗಿ ಬರುತ್ತಿರುವುದು ಅವನಿಗೇ ಭಯ ತಂದಿತು. ನಾಗಲಕ್ಷ್ಮಮ್ಮ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಹೊಸ್ತಿಲ ಮೇಲೆ ಕೂತರು. ಬಹಳ ಹೊತ್ತು ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು.

“ನಿಮ್ಮಪ್ಪಂಗೆ ಗೊತ್ತಿತ್ತಾ?”

“ಇಲ್ಲಮ್ಮ.”

“ಗೊತ್ತಿಲ್ದೇನೇ ಹೋದ್ರಾ.”

ಅಮ್ಮ ಬೆರಳಿನ ಸೆರಗನ್ನು ಬಿಟ್ಟರು.

“ಆಸ್ಪತ್ರೆಲಿ ಅವಳು ಒಂದೇ ಸಮ ಹೇಳ್ತಿದ್ಲು. ಅಮ್ಮ ನಾನು ಬಗ್ಗಿಲ್ಲ, ಅಮ್ಮ ನಾನು ಬಗ್ಗಿಲ್ಲ ಅಂತ. ಕಣ್ಣು ಕಟ್ಟಿದ್ರು. ನಾನು ಸುಮ್ನಿರು ಅಂತ ಬಾಯಿ ಮುಚ್ಚಿಸ್ದೆ.” ಅಮ್ಮನ ಕೈ ಮುಂದೆ ಬಂತು. “ಫೋನ್ ಮಾಡ್ಕೊಡು ಅವಳಿಗೆ.”

ಚೌಡೇಶ ನಂಬರು ಒತ್ತಿ ಕೊಟ್ಟ. ಈ ಸಲ ವಾಣಿಶ್ರೀಯೇ ಎತ್ತಿದಳು. “ಏನಣ್ಣ?” ಎಂಬ ಅವಳ ದನಿ ಖಾಲಿ ಶೆಡ್ಡಿನಲ್ಲಿ ಅವನಿಗೂ ಕೇಳಿಸಿತು. ಅಮ್ಮ ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡಿದ್ದರು. ತುಟಿ ಅಲ್ಲಾಡಿತು, ಮಾತು ಹೊರಡಲಿಲ್ಲ.

“ಅಣ್ಣ? ಯಾರದು... ಅಮ್ಮನಾ? ಅಮ್ಮಾ, ಮಾತಾಡು.”

ಯಂತ್ರವನ್ನು ಯಾರೂ ನಿಲ್ಲಿಸಿರಲಿಲ್ಲ. ಅದು ಶೆಡ್ಡಿನ ಆ ತುದಿಯನ್ನು ಮುಟ್ಟಿ, ಗೋಡೆಗೆ ಮುಖ ಕೊಟ್ಟು, ಮುಂದೆ ಹೋಗಲಾಗದೆ, ನಿಂತಲ್ಲೇ ಒಂದೊಂದು ಕಾಲನ್ನೂ ಎತ್ತಿ ಎತ್ತಿ ಇಡುತ್ತಿತ್ತು.