ಪೆರ್ಲ ಕದ್ದ ರೊಟ್ಟಿ

ನನ್ನ ಗಂಡ ಎಲ್ಯಾಕಿಂ ಕವಿ. ಮನೆಯ ಬಲ್ಬು ಬದಲಿಸಲು ಬಾರದಿದ್ದರೂ ಇಸ್ರೇಲಿನ ನಮ್ಮ ಹೈಫಾ ಊರಿನ ಶಾಲೆಗಳಲ್ಲೆಲ್ಲ ಅವನ ‘ಪೆರ್ಲ’ ಪದ್ಯ ಮಕ್ಕಳಿಗೆ ಬಾಯಿಪಾಠ. ತಂಗಿಗೆ ತನ್ನ ಪಾಲಿನ ರೊಟ್ಟಿ ಕೊಟ್ಟು, ನಗುನಗುತ್ತಾ ನಾಜಿಗಳ ರೈಲು ಹತ್ತಿ ಸಾವಿಗೆ ಹೋದ ಹುಡುಗಿಯ ಪದ್ಯ ಅದು. ಪ್ರತಿ ವರ್ಷ, ನಾಜಿಗಳು ಕೊಂದವರ ಸ್ಮರಣೆಯ ದಿನ, ಊರೆಲ್ಲ ಎದ್ದು ನಿಂತು ಕೇಳುವ ಸೈರನ್ ನಿಂತ ಮೇಲೆ ಇವನು ಅದನ್ನು ಓದುತ್ತಾನೆ, ಹೆಡ್‌ಮಿಸ್ಸುಗಳು ಕರವಸ್ತ್ರ ಹುಡುಕುತ್ತಾರೆ.

ಆ ತಂಗಿ ನಮ್ಮ ಮೇಲಿನ ಮಹಡಿಯಲ್ಲೇ ಇದ್ದಾಳೆ. ಹೆಸರು ಫ್ರೂಮಾ, ಬಟ್ಟೆ ಹೊಲಿಯುತ್ತಾಳೆ. ಹಿಂದೊಮ್ಮೆ ಇವನ ಪ್ಯಾಂಟು ಮೊಟಕು ಮಾಡುತ್ತಾ ಅಕ್ಕನ ಕಥೆ ಹೇಳಿದ್ದಳು. ಅವಳಿಗೆ ಹೀಬ್ರೂ ಓದಲು ಬಾರದು, ಶಾಲೆಯ ಸಭೆಗಳಿಗೂ ಹೋಗುವವಳಲ್ಲ, ಆದ್ದರಿಂದ ಪದ್ಯದಲ್ಲಿ ಏನಿದೆಯೆಂಬುದು ಗೊತ್ತಿರಲಿಲ್ಲ.

ಈ ವಸಂತದಲ್ಲಿ ಪಕ್ಕದ ಬೀದಿಯ ಶಾಲೆಯವರು ಪದ್ಯವನ್ನು ಅಂಗಳದ ಕಲ್ಲಿನಲ್ಲಿ ಕೆತ್ತಿಸುತ್ತೇವೆ ಎಂದರು. ನನ್ನ ಗಂಡನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಮ್ಮ ಕಟ್ಟಡದಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಎಲ್ಲರಿಗೂ ನಿದ್ದೆ. ಬೆಂಕಿ ಬಿದ್ದರೂ ನಾಲ್ಕಾದ ಮೇಲೆಯೇ ಹೇಳಬೇಕು. ಫ್ರೂಮಾ ಎರಡೂವರೆಗೆ ಬಾಗಿಲು ಗುದ್ದಿದಳು. ಲಂಗದ ಅಳತೆ ಕೊಡಲು ಬಂದಿದ್ದ ಹುಡುಗಿಯೊಬ್ಬಳು ಅವಳೆದುರು ಪದ್ಯ ಒಪ್ಪಿಸಿದ್ದಳಂತೆ.

“ಏನಯ್ಯಾ ಕವಿ, ಪೆರ್ಲ ರೊಟ್ಟಿ ಕೊಟ್ಟಳಾ? ಯಾರಿಗೆ? ನಿಮ್ಮಜ್ಜಿಗಾ? ನನ್ನ ರೊಟ್ಟಿ ಕದ್ದು ತಿಂದ್ಲು ಅಂತ ನಿಂಗೆ ಹೇಳಿರ್ಲಿಲ್ವಾ?”

“ಹೇಳಿದ್ರಿ, ಫ್ರೂಮಾ. ಆದ್ರೆ ಅಂಥಾ ಸಾವು ಸತ್ತವಳನ್ನ ಕಳ್ಳಿ ಅಂತ ಹೇಗೆ ಬರೀಲಿ?”

“ಯಾಕೆ, ಕಳ್ಳೀನ ಕೊಂದ್ರೆ ಪರವಾಗಿಲ್ವಾ? ದೇವತೆಗೆ ಮಾತ್ರಾನಾ ನಿಮ್ಮ ಅಳು?”

ಇವನು ಕುರ್ಚಿ ಎಳೆದು ಅವಳ ಮುಂದಿಟ್ಟ. ಮದುವೆಯಾದ ಮೇಲೆ ನಾನು ಇದನ್ನು ನೋಡಿದ್ದು ಅದೇ ಮೊದಲು.

ಫ್ರೂಮಾ ಕುರ್ಚಿಯಲ್ಲಿ ಕುಸಿದಳು. “ಅವಳನ್ನ ಕಳ್ಳಿ ಅಂದೆ. ಸೇಡಿಗೆ ಅವಳದ್ದೊಂದು ಸಾಮಾನೂ ಬಚ್ಚಿಟ್ಟೆ. ಮಾತು ಬಿಟ್ಟೆ. ಮೂರನೇ ದಿನ ಅವಳನ್ನ ರೈಲಿಗೆ ಎಳ್ಕೊಂಡು ಹೋದ್ರು. ಯುದ್ಧ ಮುಗಿದು ಇಪ್ಪತ್ತು ವರ್ಷ ಆಯ್ತು, ದಿನಾ ಬೆಳಿಗ್ಗೆ ಅವಳನ್ನ ಕ್ಷಮಿಸ್ತಾ ಇದೀನಿ, ನನ್ನನ್ನೂ ಕ್ಷಮಿಸು ಅಂತೀನಿ. ನೀನು ಕೆತ್ತಿಸೋ ದೇವತೆ ಹತ್ರ ನಾನೇನು ಮಾತಾಡ್ಲಿ? ಅವಳ ಫೋಟೋನೂ ಇಲ್ಲ. ಹೇಗಿದ್ಲು ಅಂತ ಗೊತ್ತಿರೋಳು ನಾನೊಬ್ಬಳೇ. ನಾನೂ ಸತ್ರೆ ನಿನ್ನ ಸುಳ್ಳೊಂದೇ ಉಳಿಯುತ್ತೆ.”

ಅವಳು ಹೋದ ಮೇಲೆ ಇವನು ಮೂರು ದಿನ ಉರಿದುಬಿದ್ದ. “ಪದ್ಯ ಬದಲಿಸಿದ್ರೆ ಕಲ್ಲು ಕೈತಪ್ಪುತ್ತೆ ಕಣೇ!” ಎಂದು ಗೋಳಾಡಿದ.

“ತಪ್ಪಲಿ, ನಿನ್ನ ತಲೆ ಮೇಲಂತೂ ಬೀಳಲ್ಲ” ಎಂದೆ.

ಸ್ಮರಣೆಯ ದಿನ ಶಾಲೆಯ ಅಂಗಳದಲ್ಲಿ ಸೈರನ್ ನಿಂತಿತು. ಇವನು ಮುಂದೆ ಬಂದು, ಹಳೆಯ ಪದ್ಯವನ್ನು ಜೇಬಿಗೆ ತುರುಕಿ, ಹೊಸ ಹಾಳೆ ತೆಗೆದ.

“ಪೆರ್ಲ ತಂಗಿಯ ರೊಟ್ಟಿ ಕದ್ದಳು. ತಂಗಿ ಅವಳ ಚಮಚ ಬಚ್ಚಿಟ್ಟಳು...”

ಹೆಡ್‌ಮಿಸ್ಸಿನ ಕರವಸ್ತ್ರ ಅರ್ಧದಾರಿಯಲ್ಲೇ ನಿಂತಿತು. ಹಿಂದಿನ ಸಾಲಿನಿಂದ ಫ್ರೂಮಾ ಕೂಗಿದಳು: “ಚಮಚ ಅಲ್ವೋ, ಬಾಚಣಿಗೆ!”

ಅಂಗಳವೆಲ್ಲ ಅವಳತ್ತ ತಿರುಗಿತು. ಇವನು ಪೆನ್ನು ತೆಗೆದು, ಎಲ್ಲರೂ ನೋಡುತ್ತಿರುವಂತೆಯೇ ತಿದ್ದಿ, ಮತ್ತೆ ಓದಿದ: “ತಂಗಿ ಅವಳ ಬಾಚಣಿಗೆ ಬಚ್ಚಿಟ್ಟಳು. ‘ಕಳ್ಳಿ’ ಎಂದಳು. ಮೂರನೇ ದಿನ ಪೆರ್ಲ, ತಲೆ ಬಾಚದೆ, ರೈಲು ಹತ್ತಿದಳು.”

ಶಾಲೆಯವರು ಆಮೇಲೆ ಕಲ್ಲು ಕೆತ್ತಿಸಲಿಲ್ಲ. ನನ್ನ ಈ ಗಂಡನನ್ನು ನಾನು ಅವತ್ತಿನಷ್ಟು ಎಂದೂ ಪ್ರೀತಿಸಿರಲಿಲ್ಲ.

ಅಂದು ಆ ಅಂಗಳದಲ್ಲಿ ಫ್ರೂಮಾ ನನ್ನ ತೋಳು ಹಿಡಿದುಕೊಂಡು ಬಿಕ್ಕಿಬಿಕ್ಕಿ ಅಳುತ್ತಿದ್ದಳು. “ಹೂಂ,” ಎಂದಳು, “ಇವಳೇ. ಇವಳೇ ನಮ್ಮಕ್ಕ.”